ಮೂರು ಕ್ಯಾರಟ್‌ನ ಉವರೊವೈಟ್ ಅಂತಿದ್ದಾರೆ, ನಂಬಬಹುದಾ?

ಪ್ರಶ್ನೆ (ರಾಜಾಜಿನಗರದ ಸದಸ್ಯೆ): ನಮಸ್ತೆ ಸರ್. ಮಗಳ ಹುಟ್ಟುಹಬ್ಬ ಜನವರಿಯಲ್ಲಿ. ಗಾರ್ನೆಟ್ ಪೆಂಡೆಂಟ್ ಬೇಕಂತೆ, ಆದರೆ ಕೆಂಪು ಬೇಡವಂತೆ. ಚಿಕ್ಕಪೇಟೆ ಕಡೆ ಒಂದು ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು ಕಟ್ ಮಾಡಿದ ಹಸಿರು ಹರಳು, ಆಚೆಬದಿ ಕಾಣುವಷ್ಟು ಸ್ವಚ್ಛ, ಸುಮಾರು ಮೂರು ಕ್ಯಾರಟ್. ಇನ್ನೊಂದು ಕರಿ ಕಲ್ಲಿನ ತೆಳು ತುಂಡು, ಮೇಲೆಲ್ಲ ಹಸಿರು ಸಕ್ಕರೆ ಉದುರಿಸಿದ ಹಾಗಿದೆ, ಸುತ್ತ ಬೆಳ್ಳಿ ಕಟ್ಟಿದ್ದಾರೆ. ಎರಡೂ ‘ಉವರೊವೈಟ್’ ಅಂತ ಹೇಳಿದರು. ತುಂಡಿನ ಬೆಲೆ ತುಂಬಾ ಕಡಿಮೆ. ನಮ್ಮೆಜಮಾನರು ಅದಕ್ಕೆ ಬಣ್ಣ ಹಾಕಿದ್ದಾರೆ ಅಂತಾರೆ. ಯಾವುದನ್ನು ನಂಬೋಣ?

ಉತ್ತರ (ಭೂವಿಜ್ಞಾನಿ, ರತ್ನ ಪರೀಕ್ಷಕ): ನಮಸ್ತೆ ಮೇಡಂ. ಕೈಯಲ್ಲಿ ಹಿಡಿದು ನೋಡದೆ ತೀರ್ಪು ಕೊಡುವುದು ಕಷ್ಟ. ಆದರೂ ನೀವು ಬರೆದ ಪ್ರಕಾರ ಉವರೊವೈಟ್ ಆಗಿರುವ ಸಾಧ್ಯತೆ ಇರುವುದು ಆ ಕರಿ ತುಂಡಿಗೇ. ಸ್ವಚ್ಛವಾದ ಮೂರು ಕ್ಯಾರಟ್ ಹರಳಿನ ಮೇಲೆ ನನಗೆ ಅನುಮಾನ ಇದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಾರ್ನೆಟ್ ಅಂದರೆ ಒಂದೇ ಕಲ್ಲಲ್ಲ, ದೊಡ್ಡ ಕುಟುಂಬ. ಒಳಗಿನ ಹರಳು ರಚನೆ ಎಲ್ಲಕ್ಕೂ ಒಂದೇ, ಅದರಲ್ಲಿ ಕೂರುವ ಲೋಹಗಳು ಬೇರೆ ಬೇರೆ. ಕೆಂಪು ಆಲ್ಮಂಡೈನ್‌ನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ನಮ್ಮ ನವರತ್ನದ ಗೋಮೇದವೂ ಗಾರ್ನೆಟ್ಟೇ, ಅದರಲ್ಲಿ ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ. ಗೋಮೇದದಲ್ಲಿ ಅಲ್ಯೂಮಿನಿಯಂ ಇರುವ ಜಾಗದಲ್ಲಿ ಕ್ರೋಮಿಯಂ ಕೂತರೆ ಉವರೊವೈಟ್ ಆಗುತ್ತದೆ.

ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಕ್ರೋಮಿಯಮ್ಮೇ ಮುಖ್ಯ ಕಾರಣ. ಆದರೆ ಅಲ್ಲಿ ಅದು ಚೂರೇ ಚೂರು ಬೆರೆತಿರುತ್ತದೆ. ಅದು ಇಲ್ಲದಿದ್ದರೂ ಆ ಖನಿಜಗಳು ಇರುತ್ತವೆ, ಬಣ್ಣ ಮಾತ್ರ ಇರುವುದಿಲ್ಲ. ಶುದ್ಧ ಉವರೊವೈಟ್ ತೂಕದಲ್ಲಿ ಕ್ರೋಮಿಯಂ ಆಕ್ಸೈಡ್ ಪಾಲೇ ಶೇ 30ರಷ್ಟು. ಕ್ರೋಮಿಯಂ ತೆಗೆದರೆ ಆ ಖನಿಜವೇ ಉಳಿಯುವುದಿಲ್ಲ. ಅದಕ್ಕೇ ಬೇರೆ ಗಾರ್ನೆಟ್‌ಗಳು ಹತ್ತಾರು ಬಣ್ಣದಲ್ಲಿ ಸಿಗುತ್ತವೆ, ಉವರೊವೈಟ್ ಮಾತ್ರ ಯಾವಾಗಲೂ ಹಸಿರೇ.

ಹರಳು ಚಿಕ್ಕದಾಗಿರುವುದಕ್ಕೂ ಕ್ರೋಮಿಯಮ್ಮೇ ಕಾರಣ. ಭೂಮಿಯ ಆಳದಿಂದ ಬಂದ ಕಪ್ಪು ಭಾರದ ಶಿಲೆಗಳಲ್ಲಿ ಕ್ರೋಮೈಟ್ ಅನ್ನುವ ಕರಿ ಅದಿರಾಗಿ ಅದು ಸೇರಿಕೊಂಡಿರುತ್ತದೆ. ಆ ಶಿಲೆಗಳಲ್ಲಿ ಕ್ಯಾಲ್ಸಿಯಂ ಕಡಿಮೆ. ಕ್ಯಾಲ್ಸಿಯಂ ಜಾಸ್ತಿ ಇರುವ ಸುಣ್ಣಕಲ್ಲಿನಲ್ಲಿ ಕ್ರೋಮಿಯಂ ಇಲ್ಲ ಅನ್ನುವಷ್ಟು ಕಡಿಮೆ. ಇವೆರಡೂ ಒಂದು ಕಡೆ ಸೇರುವುದೇ ಅಪರೂಪ. ಬಿಸಿನೀರು ಕ್ಯಾಲ್ಸಿಯಂ ಹೊತ್ತು ಕ್ರೋಮೈಟ್‌ನ ಬಿರುಕಿನೊಳಗೆ ನುಗ್ಗಬೇಕು, ಅಥವಾ ಇಂಥ ಶಿಲೆಗಳು ಒತ್ತಟ್ಟಿಗೆ ಬಿದ್ದು ಕಾವು, ಒತ್ತಡಕ್ಕೆ ಸಿಕ್ಕಿ ಬದಲಾಗಬೇಕು. ಕ್ಯಾಲ್ಸಿಯಂ ನೀರಿನ ಜೊತೆ ಸುಲಭವಾಗಿ ಹರಿಯುತ್ತದೆ, ಕ್ರೋಮಿಯಂ ಇದ್ದಲ್ಲಿಂದ ಕದಲುವುದೇ ಕಷ್ಟ. ಹಾಗಾಗಿ ಹರಳುಗಳು ಬಿರುಕಿನ ಗೋಡೆಗೆ ಅಂಟಿಕೊಂಡೇ ತೆಳು ಪದರವಾಗಿ ಬೆಳೆಯುತ್ತವೆ. ಸಾಮಾನ್ಯವಾಗಿ ಒಂದೊಂದು ಹರಳು ಒಂದೆರಡು ಮಿಲಿಮೀಟರ್ ದಾಟುವುದಿಲ್ಲ. ಕಟ್ ಮಾಡಲು ಆಗುವುದಿಲ್ಲ ಅಂತಲೇ ಅಂಗಡಿಗಳಲ್ಲಿ ಅದು ತುಂಡಿನ ರೂಪದಲ್ಲಿ ಬರುವುದು.

ಇಂಥ ತುಂಡುಗಳಿಗೆ ಹೆಸರಾದ ಜಾಗ ರಷ್ಯಾದ ಉರಲ್ ಬೆಟ್ಟಸಾಲಿನ ಸರಾನಿ ಕ್ರೋಮೈಟ್ ಗಣಿ, ಪೆರ್ಮ್ ಪ್ರದೇಶದಲ್ಲಿದೆ. ದೊಡ್ಡ ಹರಳು ಸಿಕ್ಕಿದ್ದು ಫಿನ್ಲೆಂಡಿನ ಔಟೊಕುಂಪು ತಾಮ್ರದ ಗಣಿಯಲ್ಲಿ. ಸೆಂಟಿಮೀಟರ್ ದಾಟಿದವೂ ಅಲ್ಲಿವೆ. ಆದರೆ ಅವು ಹೆಚ್ಚಾಗಿ ಬೆಳಕು ದಾಟದಷ್ಟು ಮಬ್ಬು. ಸಂಗ್ರಹಕ್ಕೆ ಬಹಳ ಚಂದ, ಒಡವೆಗೆ ಆಗಿಬರುವುದಿಲ್ಲ.

ಈಗ ನಿಮ್ಮ ಕೆಲಸ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಅಂಗಡಿಯಲ್ಲೇ ಇರುತ್ತದೆ, ಕೇಳಿ. ತುಂಡಿನ ಮೇಲೆ ಒಂದೇ ಒಂದು ಹರಳನ್ನು ಹಿಡಿದು ನೋಡಿ. ಗಾರ್ನೆಟ್ ಆದರೆ ಮುಖಗಳು ವಜ್ರಾಕೃತಿಯಲ್ಲಿರುತ್ತವೆ, ನಾಲ್ಕೂ ಬದಿ ಸಮ. ಪೂರ್ತಿ ಬೆಳೆದ ಹರಳಿಗೆ ಅಂಥ 12 ಮುಖ. ತುದಿ ಚೂಪಾಗಿ, ಆರು ಬದಿಯ ಗೋಪುರದಂತೆ ಎದ್ದಿದ್ದರೆ ಅದು ಸ್ಫಟಿಕ, ಅಂದರೆ ಕ್ವಾರ್ಟ್ಜ್. ನಿಮ್ಮೆಜಮಾನರ ಅನುಮಾನ ಸುಮ್ನೆ ಅಲ್ಲ, ಹಸಿರು ಬಣ್ಣ ಹಾಕಿದ ಕ್ವಾರ್ಟ್ಜ್ ತುಂಡುಗಳು ಮಾರುಕಟ್ಟೆಯಲ್ಲಿ ಇವೆ. ಹರಳಿನ ಸಂದಿಗಳಲ್ಲಿ ಬಣ್ಣ ಗಟ್ಟಿಯಾಗಿ ನಿಂತಿದೆಯಾ ಅಂತಲೂ ನೋಡಿ. ತುಂಡಿನ ಹಿಂಬದಿ ಕರ್ರಗೆ, ಕೈಗೆ ಭಾರವಾಗಿ ಹತ್ತಿದರೆ ಒಳ್ಳೆಯ ಸೂಚನೆ, ಕ್ರೋಮೈಟ್ ಹಾಗೇ ಇರುತ್ತದೆ.

ಕಟ್ ಮಾಡಿದ ಹರಳಿಗೆ ಲ್ಯಾಬ್ ರಿಪೋರ್ಟ್ ಇಲ್ಲದೆ ದುಡ್ಡು ಕೊಡಬೇಡಿ.

ಮತ್ತೊಬ್ಬ ಸದಸ್ಯರು (ವಿಜಯನಗರ): ಸರ್, ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕು. ಬೈರಾಪುರದಲ್ಲಿ ಕ್ರೋಮೈಟ್ ಗಣಿ ಇದೆಯಲ್ಲ, ಆ ಕಡೆ ಹೋದಾಗ ಹಸಿರು ಕಲ್ಲು ಕಂಡಿದ್ದೆ. ಅದು ಇದೇನಾ?

ಉತ್ತರ: ನುಗ್ಗೇಹಳ್ಳಿ ಶಿಲಾಪಟ್ಟಿ ನಿಮ್ಮದು, 300 ಕೋಟಿ ವರ್ಷಕ್ಕೂ ಹಳೆಯದು. ಅಂಥ ಊರಿನವರು ಕಲ್ಲು ನೋಡಿ ಪ್ರಶ್ನೆ ಕೇಳಿದರೆ ನನಗೆ ನಿಜಕ್ಕೂ ಖುಷಿ. ಕ್ರೋಮೈಟ್ ಇದ್ದ ಮಾತ್ರಕ್ಕೆ ಉವರೊವೈಟ್ ಇರಲೇಬೇಕು ಅಂತೇನಿಲ್ಲ, ಕ್ಯಾಲ್ಸಿಯಂ ಒಳಗೆ ಬಂದಿರಬೇಕು. ಅಂಥ ಕಡೆ ಹಸಿರು ಕಂಡರೆ ಮೊದಲು ನೆನೆಯಬೇಕಾದದ್ದು ಸರ್ಪೆಂಟೈನ್. ಅದು ಚಾಕುವಿನಿಂದ ಗೀಚಿದರೆ ಗೀರು ಬೀಳುವಷ್ಟು ಮೆದು. ಕ್ರೋಮಿಯಂ ಬೆರೆತ ಇನ್ನೊಂದು ಹಸಿರು ಖನಿಜ ಫುಕ್ಸೈಟ್, ಅದು ಒಂದು ಬಗೆಯ ಅಭ್ರಕ. ಉಗುರಲ್ಲಿ ಕೆರೆದರೆ ಹೊಳೆಯುವ ಪದರ ಏಳುತ್ತದೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಹಸಿರು ಕಲ್ಲು ಇದರದ್ದೇ ಬಣ್ಣ. ಗಾರ್ನೆಟ್ ಗಟ್ಟಿ, ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ 6.5ರಿಂದ 7.5. ಚಾಕುವಿಗೆ ಜಗ್ಗುವುದಿಲ್ಲ, ಪದರ ಏಳುವುದೂ ಇಲ್ಲ. ಗಣಿಯೊಳಗೆ, ಮಣ್ಣಿನ ರಾಶಿಯ ಮೇಲೆ ಮಾತ್ರ ಹೋಗಬೇಡಿ, ಕುಸಿಯುತ್ತದೆ.

ಕೆಂಪು ಗಾರ್ನೆಟ್ ನೋಡುವ ಆಸೆ ಇದ್ದರೆ ನಿಮ್ಮ ಹಾಸನ ಜಿಲ್ಲೆಯದೇ ಹೊಳೆನರಸೀಪುರದ ಸುತ್ತಿನ ಶಿಸ್ಟ್ ಶಿಲೆಗಳಲ್ಲಿ ಸಿಗುತ್ತದೆ.

ಪಿಯು ಕಾಲೇಜಿನ ಉಪನ್ಯಾಸಕಿ (ಬಸವನಗುಡಿ): ಸರ್, ಎರಡು ಪ್ರಶ್ನೆ. ಹೆಸರು ಎಲ್ಲಿಂದ ಬಂತು? ಕ್ರೋಮಿಯಂ ವಿಷ ಅಂತ ಮಕ್ಕಳಿಗೆ ಪಾಠ ಮಾಡುತ್ತೇವಲ್ಲ, ಮೈಮೇಲೆ ಹಾಕಿಕೊಳ್ಳಬಹುದಾ?

ಉತ್ತರ: ಮೇಡಂ, ನೀವು ಥರ್ಮೋಡೈನಮಿಕ್ಸ್‌ನಲ್ಲಿ ಪಾಠ ಮಾಡುವ ಹೆಸ್ ನಿಯಮದ ಹೆಸ್ ಇದ್ದಾರಲ್ಲ, ಜರ್ಮೇನ್ ಹೆಸ್, ಅವರೇ 1832ರಲ್ಲಿ ಈ ಖನಿಜವನ್ನು ವಿವರಿಸಿದ್ದು. ನಿಯಮ ಬಂದದ್ದು 1840ರಲ್ಲಿ. ಆಗ ಸೇಂಟ್ ಪೀಟರ್ಸ್‌ಬರ್ಗ್ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದ ಸೆರ್ಗೆಯ್ ಉವರೊವ್ ಅವರ ಹೆಸರಿಟ್ಟರು. ಮಕ್ಕಳಿಗೆ ಹೇಳಿ, ಪುಸ್ತಕದ ಹೆಸರಿಗೆ ಜೀವ ಬರುತ್ತದೆ.

ವಿಷದ ವಿಚಾರ. ಅಪಾಯಕಾರಿ ಅಂತ ನೀವು ಪಾಠ ಮಾಡುವುದು ಆರು ವೇಲೆನ್ಸಿಯ ಕ್ರೋಮಿಯಂ. ಇಲ್ಲಿರುವುದು ಮೂರು ವೇಲೆನ್ಸಿಯದು, ಅದೂ ಸಿಲಿಕೇಟ್ ಒಳಗೆ ಗಟ್ಟಿಯಾಗಿ ಕಟ್ಟಿಕೊಂಡಿದೆ. ಬೆವರಿಗೆ ಕರಗಿ ಬರುವುದಿಲ್ಲ. ಧಾರಾಳವಾಗಿ ಹಾಕಿಕೊಳ್ಳಬಹುದು. ಕಲ್ಲು ಉಜ್ಜುವವರು, ಕುಯ್ಯುವವರು ದೂಳು ಎಳೆದುಕೊಳ್ಳದಂತೆ ಮಾಸ್ಕ್ ಹಾಕಬೇಕು, ಅದು ಎಲ್ಲ ಕಲ್ಲಿಗೂ ಅನ್ವಯ.

ಸದಸ್ಯರು (ಯಲಹಂಕ): ಪಚ್ಚೆ ಬದಲು ಬುಧನಿಗೆ ಇದನ್ನು ಹಾಕಬಹುದಾ ಸರ್?

ಉತ್ತರ: ಅದನ್ನು ನಿಮ್ಮ ಜೋಯಿಸರ ಹತ್ತಿರವೇ ಕೇಳಬೇಕು. ವಸ್ತುವಿನ ಲೆಕ್ಕದಲ್ಲಿ ಎರಡೂ ಬೇರೆ. ಪಚ್ಚೆ ಬೆರಿಲ್ ಜಾತಿಯದು.

ಪ್ರಶ್ನೆ ಕೇಳಿದವರು: ಸರ್, ಅಂಗಡಿಯವರು ಒಪ್ಪಿದರು, ಎರಡನ್ನೂ ಲ್ಯಾಬ್‌ಗೆ ಕೊಟ್ಟೆವು. ಕಟ್ ಹರಳಿಗೆ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆಯಂತೆ) 1.74, ಸಾಂದ್ರತೆ 3.6, ಏಕ ವಕ್ರೀಭವನ ಅಂತ ಬರೆದಿದ್ದಾರೆ. ತುಂಡಿಗೆ ಲೇಸರ್ ಬೆಳಕು ಬಿಟ್ಟು ಖನಿಜ ಗುರುತಿಸುವ ರಾಮನ್ ಪರೀಕ್ಷೆ ಮಾಡಿ ‘ಕ್ರೋಮೈಟ್ ಮೇಲೆ ಉವರೊವೈಟ್’ ಅಂದಿದ್ದಾರೆ. ಮೊದಲನೆಯದು ಗಾಜಾ?

ಉತ್ತರ: ಅಲ್ಲ ಮೇಡಂ, ಗಾಬರಿ ಬೇಡ. ಆ ಅಂಕಿಗಳು ಟ್ಸಾವೊರೈಟ್‌ಗೆ ಸರಿಯಾಗಿ ಕೂರುತ್ತವೆ. ಅದೂ ಹಸಿರು ಗಾರ್ನೆಟ್ಟೇ, ಗೋಮೇದದ ಜಾತಿಯದು. ಹಸಿರು ಬರುವುದು ಸ್ವಲ್ಪವೇ ಬೆರೆತ ವನೇಡಿಯಂ, ಕ್ರೋಮಿಯಂನಿಂದ. 1967ರಲ್ಲಿ ಕ್ಯಾಂಪ್‌ಬೆಲ್ ಬ್ರಿಡ್ಜಸ್ ಟಾಂಜಾನಿಯಾದಲ್ಲಿ ಕಂಡುಹಿಡಿದರು. ಆಮೇಲೆ ಕೀನ್ಯಾದ ಟ್ಸಾವೊ ಕಡೆಯೂ ಸಿಕ್ಕಿತು, ಹೆಸರು ಅಲ್ಲಿಂದಲೇ. ಉವರೊವೈಟ್‌ನ ಸೂಚ್ಯಂಕ 1.86ರ ಹತ್ತಿರ. ಈ ಸೂಚ್ಯಂಕ ಅಳೆಯುವ ಸಾಮಾನ್ಯ ಉಪಕರಣ ರಿಫ್ರಾಕ್ಟೋಮೀಟರ್ ಸುಮಾರು 1.81ರವರೆಗೆ ಮಾತ್ರ ತೋರಿಸುತ್ತದೆ. 1.74 ಅಂತ ಓದಲು ಸಿಕ್ಕಿತು ಅಂದಾಗಲೇ ಇದು ಉವರೊವೈಟ್ ಅಲ್ಲ ಅಂತಾಯಿತು.

ಮೂರು ಕ್ಯಾರಟ್‌ನ ಸ್ವಚ್ಛ ಟ್ಸಾವೊರೈಟ್ ಬೆಲೆಬಾಳುವ ಕಲ್ಲು. ಕೊಳ್ಳುವುದಾದರೆ ರಿಪೋರ್ಟ್‌ನಲ್ಲೂ ಬಿಲ್‌ನಲ್ಲೂ ಅದೇ ಹೆಸರು ಬರೆಸಿ. ನಾಳೆ ಮಾರುವಾಗಲೋ ಇನ್ಶೂರೆನ್ಸ್ ಮಾಡಿಸುವಾಗಲೋ ತಪ್ಪು ಹೆಸರಿನ ಬಿಲ್ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಮಗಳು ಲೂಪ್‌ನಲ್ಲಿ ಆ ಚಿಕ್ಕ ಚಿಕ್ಕ ಮುಖಗಳನ್ನು ನೋಡಿದ ಮೇಲೆ ತುಂಡೇ ಬೇಕು ಅಂತ ಕೂತಿದ್ದಾಳೆ. ಜೋಪಾನ ಮಾಡುವುದು ಹೇಗೆ ಸರ್?

ಉತ್ತರ: ಒಳ್ಳೆಯ ಆಯ್ಕೆ. ಪೆಂಡೆಂಟ್ ಆಗಿಯೇ ಇರಲಿ, ಉಂಗುರ ಮಾಡಿಸಬೇಡಿ, ಹರಳುಗಳು ಗಟ್ಟಿಯಾದರೂ ತಾಗಿದರೆ ಬುಡಸಮೇತ ಉದುರುತ್ತವೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆಯ ಬ್ರಷ್ ಸಾಕು. ಅಲ್ಟ್ರಾಸಾನಿಕ್ ಮೆಷಿನ್, ಸ್ಟೀಮ್ ಎರಡೂ ಬೇಡ. ಬೆಳ್ಳಿ ಕಪ್ಪಾದಾಗ ಪಾಲಿಷ್ ದ್ರವದಲ್ಲಿ ಅದ್ದಬೇಡಿ, ಸಂದಿಯಲ್ಲಿ ಉಳಿದುಬಿಡುತ್ತದೆ. ಬಟ್ಟೆಯಿಂದ ಬೆಳ್ಳಿಯನ್ನು ಮಾತ್ರ ಒರೆಸಿ.