ಕೊಡಗಿನ ದೇವಮ್ಮಾಜಿ ತವರಿಗೆ ದ್ರೋಹ ಮಾಡಿದಳೇ?

ಕುಶಾಲನಗರದ ಸೊಸೆ:
ಹೋದ ಭಾನುವಾರ ಮಡಿಕೇರಿಯ ಗದ್ದಿಗೆ, ಅಂದರೆ ಕೊಡಗಿನ ರಾಜರ ಸಮಾಧಿ, ನೋಡಲು ಹೋಗಿದ್ದೆವು. ಅಲ್ಲೇ ನಿಂತು ನಮ್ಮತ್ತೆ, "ಆ ದೇವಮ್ಮಾಜಿ ಹುಟ್ಟಿದ ಮನೆಗೇ ಕೊಳ್ಳಿ ಇಟ್ಟಳು" ಅಂದುಬಿಟ್ಟರು. ಅವತ್ತಿನಿಂದ ಆ ಮಾತು ಮನಸ್ಸಿನಲ್ಲೇ ಕೊರೆಯುತ್ತಿದೆ. ಪಟ್ಟಕ್ಕೆ ಬರಬೇಕಾಗಿದ್ದವಳು, ಗಂಡನ ಜೊತೆ ಓಡಿಹೋದವಳು ಇಬ್ಬರೂ ಒಬ್ಬಳೇನಾ? ತಿಳಿದವರು ಬಿಡಿಸಿ ಹೇಳಿ.

ಹಳೇ ಮೇಷ್ಟ್ರು:
ಬೇರೆ ಬೇರೆ ಕಣಮ್ಮಾ, ಹೆಸರು ಮಾತ್ರ ಒಂದೇ. ಪಟ್ಟಕ್ಕೆ ಬರಬೇಕಾಗಿದ್ದ ಹಿರಿಯವಳು ಕೊಡಗಿನ ರಾಜ ದೊಡ್ಡ ವೀರರಾಜೇಂದ್ರನ ಮಗಳು, ಮಹದೇವಮ್ಮಾಜಿಯ ಹೊಟ್ಟೆಯಲ್ಲಿ ಹುಟ್ಟಿದವಳು. ತನ್ನ ನಂತರ ಇವಳಿಗೇ ಪಟ್ಟ ಅಂತ ಅಪ್ಪನ ಆಸೆ. 1809ರಲ್ಲಿ ಅವನು ತೀರಿಕೊಂಡಾಗ ಇನ್ನೂ ಎಳೇ ಹುಡುಗಿ. ಚಿಕ್ಕಪ್ಪ ಲಿಂಗರಾಜ ಅವಳ ಪರವಾಗಿ ಆಳುತ್ತೇನೆ ಅಂತ ಬಂದು, 1811ರಲ್ಲಿ ತಾನೇ ರಾಜನಾದ. ನಿಮ್ಮತ್ತೆ ಬೈದಿದ್ದು ಆ ಲಿಂಗರಾಜನ ಮಗಳನ್ನು, ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಒಡಹುಟ್ಟಿದವಳನ್ನು. 1832ರಲ್ಲಿ ಗಂಡ ಚನ್ನಬಸವಪ್ಪನ ಜೊತೆ ಗಡಿ ದಾಟಿ, ಮೈಸೂರಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ ರೆಸಿಡೆಂಟನ ಆಶ್ರಯ ಬೇಡಿದಳು.

ಕಾವೇರಿ ತೀರ:
ನಿಮ್ಮತ್ತೆ ಹೇಳಿದ್ದರಲ್ಲಿ ತಪ್ಪೇನಿದೆ? ತಂಗಿಯನ್ನೂ ಭಾವನನ್ನೂ ಒಪ್ಪಿಸಿ ಅಂತ ರಾಜ ಕೇಳಿದ, ಕಂಪನಿಯವರು ಒಪ್ಪಿಸಲಿಲ್ಲ. ಅಲ್ಲಿಂದ ಬೆಳೆದ ಜಗಳ. 1834ರ ಏಪ್ರಿಲ್‌ನಲ್ಲಿ ಫೌಜು ಮಡಿಕೇರಿ ಹೊಕ್ಕಿತು, ರಾಜ್ಯವೇ ಹೋಯಿತು. ಮನೆಯ ಮಾತು ಮನೆಯಲ್ಲೇ ಇರಬೇಕಿತ್ತು.

ಕುಶಾಲನಗರದ ಸೊಸೆ:
ಯಾರ ಮನೆ ಸರ್? ಸ್ವಂತ ರಕ್ತಸಂಬಂಧಿಗಳನ್ನೇ ಕೊಲ್ಲಿಸಿದನೆಂಬ ಆರೋಪ ಹೊತ್ತ ಅಣ್ಣನ ಮನೆಯಲ್ಲಿ ಅವಳು ಯಾರ ಮುಂದೆ ಹೇಳಿಕೊಳ್ಳಬೇಕಿತ್ತು? ಗಂಡ ಬದುಕಲಿ ಅಂತ ಓಡಿದಳು. ಕಂಪನಿಗೆ ಕೊಡಗು ಬೇಕಿತ್ತು, ಇವಳು ನೆಪವಾದಳು. ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಹಳೇ ಮೇಷ್ಟ್ರು:
ಅದೇ ರಾಜನ ಮಗಳು ಗೌರಮ್ಮನ ಕಥೆಯನ್ನೂ ನಿಮ್ಮತ್ತೆಗೆ ಹೇಳಿ. ಕಾಶಿಯಲ್ಲಿ ಸೆರೆಯಿದ್ದ ಅಪ್ಪ 1852ರಲ್ಲಿ ಅವಳನ್ನು ಲಂಡನ್ನಿಗೆ ಕರೆದೊಯ್ದ. ಕಳೆದುಕೊಂಡ ಹಣ ವಾಪಸು ಪಡೆಯುವುದು ಅವನ ಲೆಕ್ಕ. 11 ವರ್ಷದ ಹುಡುಗಿಗೆ ಕ್ರೈಸ್ತ ದೀಕ್ಷೆ ಕೊಡಿಸಿದರು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. 1860ರಲ್ಲಿ ತನಗಿಂತ ಸುಮಾರು 30 ವರ್ಷ ದೊಡ್ಡವನಾದ ಕರ್ನಲ್ ಕ್ಯಾಂಪ್‌ಬೆಲ್‌ನ ಕೈಹಿಡಿದಳು. 1864ರಲ್ಲಿ ಪುಟ್ಟ ಮಗಳನ್ನು ಬಿಟ್ಟು ಕಣ್ಮುಚ್ಚಿದಳು. ತವರೂ ಇಲ್ಲ, ತನ್ನ ಮಾತು ಆಡುವವರೂ ಇಲ್ಲ.

ಕುಶಾಲನಗರದ ಸೊಸೆ:
ರಾತ್ರಿ ಊಟ ಆದಮೇಲೆ ಅತ್ತೆಗೆ ಎಲ್ಲ ಓದಿ ಹೇಳಿದೆ. "ಹನ್ನೊಂದು ವರ್ಷದ ಮಗುವನ್ನಾ?" ಅಂದರು. ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಆ ದೇವಮ್ಮಾಜಿಯ ಗಂಡನ ಹೆಸರು ಏನಂದೆ?" ಅಂತ ಕೇಳಿದರು.