ಪದ ಬೇಕಿದೆ: ಸಿಮ್ಯುಲೇಶನ್‌ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ.

ಕಾಲೇಜಿನ ವಸ್ತುಪ್ರದರ್ಶನಕ್ಕೆ ಕನ್ನಡದಲ್ಲಿ ಒಂದು ಫಲಕ ಬರೆಯುತ್ತಿದ್ದೇನೆ. ಸಂಜೆ ಪ್ರಿಂಟಿಗೆ ಹೋಗಬೇಕು. ನೋಡಲು ಬರುವವರಲ್ಲಿ ಹೈಸ್ಕೂಲು ಮಕ್ಕಳೇ ಜಾಸ್ತಿ.

ವಿಷಯ ನಾರ್ವೆಯ ಸ್ಲೈಪ್ನರ್ ಎ. ಸಮುದ್ರದಲ್ಲಿ ಅನಿಲ ತೆಗೆಯುವ ವೇದಿಕೆಗಾಗಿ ಕಟ್ಟಿದ ದೊಡ್ಡ ಕಾಂಕ್ರೀಟ್ ತಳ. 1991ರ ಆಗಸ್ಟ್ 23ರಂದು ಸ್ಟಾವಂಗರ್ ಹತ್ತಿರ ಅದನ್ನು ನೀರಲ್ಲಿ ಇಳಿಸಿ ಪರೀಕ್ಷಿಸುತ್ತಿದ್ದಾಗ ಗೋಡೆ ಒಡೆಯಿತು. ಪಂಪುಗಳು ಎತ್ತಿ ಹಾಕುವುದಕ್ಕಿಂತ ಬೇಗ ನೀರು ನುಗ್ಗಿತು. ಇಡೀ ತಳ ಮುಳುಗಿತು. ಮೇಲಿದ್ದ ಜನರೆಲ್ಲ ಪಾರಾದರು. ಗೋಡೆಯ ಮೇಲೆ ಬೀಳುವ ಶಿಯರ್ ಬಲವನ್ನು (ಕತ್ತರಿ ಹಾಗೆ ಪಕ್ಕಕ್ಕೆ ಜಾರಿಸಿ ಸೀಳುವ ಬಲ) ಕಂಪ್ಯೂಟರ್ ಶೇ. 47ರಷ್ಟು ಕಮ್ಮಿ ತೋರಿಸಿತ್ತು.

ತೊಡಕು ಈ ಸಾಲಿನಲ್ಲಿ: "ಮಾಡೆಲ್ ಒರಟಾಗಿತ್ತು, ಹಾಗಾಗಿ ಸಿಮ್ಯುಲೇಶನ್ ತಪ್ಪು ಹೇಳಿತು." ಮಾಡೆಲ್‌ಗೆ ಮಾದರಿ ಇದೆ. ಸಿಮ್ಯುಲೇಶನ್‌ಗೆ, ಅಂದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದಕ್ಕೆ, ನಿಘಂಟು ನೋಡಿ ಅನುಕರಣೆ ಎಂದು ಬರೆದೆ. ಓದಿದ ಹುಡುಗಿಯೊಬ್ಬಳು "ಯಾರನ್ನ ಅನುಕರಿಸಿದ್ರು ಮಿಸ್?" ಎಂದು ಕೇಳಿದಳು. ದಯವಿಟ್ಟು ಬೇಗ ತಿಳಿಸಿ.

ಮರು:

ಅನುಕರಣೆ ಬೇಡವೇ ಬೇಡ. ಅಣಕು ಇದೆಯಲ್ಲ! ಅಣಕು ಕಾರ್ಯಾಚರಣೆ, ಅಣಕು ಸಂಸತ್ತು ಅಂತ ಪೇಪರಿನಲ್ಲಿ ದಿನಾ ಓದುತ್ತೀರಿ. ಅಣಕಿಸು ಅಂದರೆ ಬರೀ ಗೇಲಿ ಅಲ್ಲ, ಇನ್ನೊಬ್ಬರ ಹಾಗೆ ಮಾಡಿ ತೋರಿಸುವುದೂ ಹೌದು. 'ಅಣಕುಲೆಕ್ಕ' ಅನ್ನಿ. ನಮ್ಮದೇ ಬೇರು ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು?

ಮರು: ಮರು:

ಒಪ್ಪಲಾರೆ. ಅಣಕು ಕಾರ್ಯಾಚರಣೆಯಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಓಡಬೇಕು ಎಲ್ಲಾ ಮೊದಲೇ ತೀರ್ಮಾನ ಆಗಿರುತ್ತದೆ. ಸಿಮ್ಯುಲೇಶನ್ ಮಾಡುವುದೇ ಉತ್ತರ ಗೊತ್ತಿಲ್ಲ ಅಂತ. ಈ ವ್ಯತ್ಯಾಸ ಬಿಟ್ಟ ಪದ ಮಕ್ಕಳಿಗೆ ತಪ್ಪು ಕಲಿಸುತ್ತದೆ.

ಮೇಡಂ, ನಾನು ಸ್ಟ್ರಕ್ಚರಲ್ ಎಂಜಿನಿಯರ್. ನಿಮಗೆ ಬೇರೆಯದೇ ಕೇಳಬೇಕಿದೆ: ಸ್ಲೈಪ್ನರ್ ಕಥೆಗೆ ಸಿಮ್ಯುಲೇಶನ್ ಪದ ಬೇಕಾ? ಗೋಡೆಯನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದೊಂದು ತುಂಡಿನ ಮೇಲೆ ಎಷ್ಟು ಬಲ ಬೀಳುತ್ತದೆ ಎಂದು ಅಲ್ಲಿ ಲೆಕ್ಕ ಹಾಕಿದ್ದರು. ಹೊತ್ತು ಸರಿದಂತೆ ಏನಾಗುತ್ತದೆ ಎಂದು ಓಡಿಸಿ ನೋಡಿದ್ದಲ್ಲ. ಆ ತಳ ಅಂದರೆ ಒಂದಕ್ಕೊಂದು ಅಂಟಿದ ಪೊಳ್ಳು ಕೋಶಗಳು; ಅವುಗಳ ಗೋಡೆಗಳು ಸೇರುವ ಮೂಲೆಯಲ್ಲಿ ತುಂಡುಗಳು ತೀರಾ ದೊಡ್ಡವಾಗಿದ್ದವು, ಸೊಟ್ಟವೂ ಆಗಿದ್ದವು. ಶಿಯರ್ ಕಮ್ಮಿ ಬಂದದ್ದು ಅದರಿಂದ. ಅಲ್ಲಿಗೆ ಹಾಕಿದ ಕಂಬಿಯೂ ಸಾಲಲಿಲ್ಲ. ಆಮೇಲೆ ಸಣ್ಣ ತುಂಡು ಮಾಡಿ ಮತ್ತೆ ಲೆಕ್ಕ ಹಾಕಿದರು. 62 ಮೀಟರ್ ಆಳದಲ್ಲಿ ಒಡೆಯಬೇಕು ಎಂದು ಉತ್ತರ ಬಂತು. ನಿಜಕ್ಕೂ ಒಡೆದದ್ದು 65 ಮೀಟರಿನಲ್ಲಿ. ಇದನ್ನು ಫಲಕಕ್ಕೆ ಖಂಡಿತ ಹಾಕಿ. ಇಲ್ಲದಿದ್ದರೆ ಕಂಪ್ಯೂಟರ್ ನಂಬಬಾರದು ಅಂತ ಮಕ್ಕಳು ತಿಳಿದುಕೊಂಡು ಹೋಗುತ್ತಾರೆ.

ಇನ್ನೊಂದು. ಬರೀ ಮಾದರಿ ಎಂದರೆ ಮಕ್ಕಳು ಸಿಮೆಂಟಿನ ಬೊಂಬೆ ಅಂದುಕೊಳ್ಳಬಹುದು. ಕೃಷ್ಣರಾಜಸಾಗರದ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟಿನ ಚಿಕ್ಕ ಮಾದರಿ ಕಟ್ಟಿ ನೀರು ಹರಿಸಿ ನೋಡುತ್ತಾರೆ, ಅದೂ ಮಾದರಿಯೇ. ನಿಮ್ಮದು 'ಲೆಕ್ಕದ ಮಾದರಿ'.

ಮರು: ಮರು: ಮರು:

ಎಲ್ಲಾ ಸುಮ್ನೆ ಕಾಲಹರಣ. ಆಫೀಸಿನಲ್ಲಿ ಎಲ್ಲರೂ ಅನ್ನುವುದು "ಸಿಮ್ಯುಲೇಶನ್ ರನ್ ಮಾಡಿ". ಹಾಗೇ ಬರೆಯಿರಿ. ಬಸ್ಸು, ಬ್ಯಾಂಕು, ಸಿಮೆಂಟು ಯಾರ ಅಪ್ಪಣೆ ಕೇಳಿ ಬಂದವು?

ಮರು: ಮರು: ಮರು: ಮರು:

ಬಸ್ಸು ವಸ್ತುವಿನ ಜೊತೆಗೇ ಬಂತು ಸ್ವಾಮಿ. ಸಿಮ್ಯುಲೇಶನ್ ವಸ್ತು ಅಲ್ಲ, ಯೋಚಿಸುವ ಒಂದು ಬಗೆ. ಯೋಚನೆಯನ್ನೂ ಸಾಲ ತಂದರೆ ಕನ್ನಡದ ಮಕ್ಕಳು ಯೋಚಿಸುವುದು ಯಾವ ಭಾಷೆಯಲ್ಲಿ? ಅಣಕು ಬೇಡವಾದರೆ ಬಿಡಿ, ಬೇರೊಂದು ಕಟ್ಟೋಣ. ಕಟ್ಟುವುದೇ ಬೇಡ ಅನ್ನಬೇಡಿ.

ಮರು: ಪದ ಬೇಕಿದೆ

ಎಲ್ಲರಿಗೂ ವಂದನೆ. ಎಂಜಿನಿಯರ್ ಸರ್ ಹೇಳಿದ್ದು ಸರಿ ಅನ್ನಿಸಿತು. ಸಾಲು ಹೀಗಾಯಿತು: "ಲೆಕ್ಕದ ಮಾದರಿಯ ತುಂಡುಗಳು ದೊಡ್ಡವಾಗಿದ್ದವು, ಹಾಗಾಗಿ ಕಂಪ್ಯೂಟರ್ ಹಾಕಿದ ಲೆಕ್ಕ ತಪ್ಪಿತು." ಕೆಳಗೆ 62 ಮತ್ತು 65 ಎರಡೂ ದಪ್ಪ ಅಕ್ಷರದಲ್ಲಿವೆ. ಪಕ್ಕದ ಫಲಕ ಹವಾಮಾನ ಮುನ್ಸೂಚನೆಯದು. ಅದರಲ್ಲಿ ಗಾಳಿ, ಮೋಡ ಗಂಟೆ ಗಂಟೆಗೂ ಬದಲಾಗುವುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತಾ ಹೋಗುತ್ತದೆ. ಅಲ್ಲಿ ಸಿಮ್ಯುಲೇಶನ್ ಎಂದೇ ಬಿಟ್ಟಿದ್ದೇನೆ.

ಮರು: ಮರು: ಪದ ಬೇಕಿದೆ

ಹವಾಮಾನದ ಫಲಕ ನಾಳೆ ತಾನೇ ಪ್ರಿಂಟಿಗೆ? ಹಾಗಾದರೆ ಇನ್ನೂ ಸಮಯ ಇದೆ. 'ನಡೆಸಿನೋಟ' ಹೇಗೆ? ಇವತ್ತಿನ ಗಾಳಿಯ ಲೆಕ್ಕ ಕೊಟ್ಟು, ಮುಂದಕ್ಕೆ ನಡೆಸಿ ನೋಡುವುದು.

ಮರು: ಮರು: ಮರು: ಪದ ಬೇಕಿದೆ

ಪದ ಕಟ್ಟಿದ ರೀತಿ ಸರಿಯಿಲ್ಲ. 'ನಡೆಸಿ' ಜೊತೆ 'ನೋಟ' ಹಾಗೆ ಕೂಡುವುದಿಲ್ಲ. ಆದರೆ 'ನಡೆಸಿ ನೋಡುವುದು' ಎಂದು ಬಿಡಿಸಿ ಬರೆದರೆ ನನ್ನ ತಕರಾರಿಲ್ಲ. ಉತ್ತರ ಮೊದಲೇ ಗೊತ್ತಿಲ್ಲ ಅನ್ನುವುದು ಅದರಲ್ಲಿ ಉಳಿಯುತ್ತದೆ.