ಅಪ್‌ಡೇಟ್: ಕಾರು ಮಾರಾಟದ ತರಬೇತಿಗೆ ಮುಂಗಡ ಹಣ ಕೇಳಿದ ವಿಚಾರ

ಕಾರು ಮಾರಾಟ ಪ್ರತಿನಿಧಿಯ ಕೆಲಸಕ್ಕೆ ಸಂದರ್ಶನ ಮುಗಿದ ಮೇಲೆ, ಸೇರುವ ಮೊದಲೇ ತರಬೇತಿ ಶುಲ್ಕ ಕಟ್ಟಬೇಕೆಂದು ಒಂದು ತರಬೇತಿ ಸಂಸ್ಥೆಯವರು ಹೇಳುತ್ತಿದ್ದಾರೆ, ಕಟ್ಟಬಹುದೇ ಎಂದು ನಾನು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಹಣ ಕಟ್ಟದೆ, ನೇಮಕಾತಿ ಪತ್ರವನ್ನೂ ಶುಲ್ಕ ಮರುಪಾವತಿಯ ಷರತ್ತುಗಳನ್ನೂ ಮೊದಲು ಬರಹದಲ್ಲಿ ಕೊಡಬೇಕೆಂದು ಕೇಳಿದೆ. ‘ಇವತ್ತು ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ’ ಎಂಬ ಉತ್ತರ ಬಂತು. ಪತ್ರದ ಪ್ರಸ್ತಾಪವೇ ಇರಲಿಲ್ಲ.

ಅವರು ಹೆಸರಿಸಿದ್ದ ಶೋರೂಮಿಗೆ ನೇರವಾಗಿ ಫೋನ್ ಮಾಡಿದಾಗ, ಅಲ್ಲಿನ ಮಾರಾಟ ವ್ಯವಸ್ಥಾಪಕರು, ಹೊಸಬರಿಗೆ ಕೆಲಸಕ್ಕೆ ಸೇರಿಸಿಕೊಂಡ ಮೇಲೆಯೇ ತರಬೇತಿ ಕೊಡುವುದಾಗಿಯೂ, ಅದಕ್ಕಾಗಿ ಅಭ್ಯರ್ಥಿಗಳಿಂದ ಹಣ ಪಡೆಯುವ ಪದ್ಧತಿ ತಮ್ಮಲ್ಲಿ ಇಲ್ಲವೆಂದೂ, ಆ ತರಬೇತಿ ಸಂಸ್ಥೆಗೂ ತಮಗೂ ಯಾವ ಒಪ್ಪಂದವೂ ಇಲ್ಲವೆಂದೂ ಸ್ಪಷ್ಟಪಡಿಸಿದರು. ಮಾದರಿಗಳ ವ್ಯತ್ಯಾಸ, ಟೆಸ್ಟ್ ಡ್ರೈವ್, ಸಾಲ ಮತ್ತು ವಿಮೆಯ ಕಾಗದಪತ್ರ ಇವೆಲ್ಲವನ್ನೂ ಹಿರಿಯ ಪ್ರತಿನಿಧಿಗಳ ಜೊತೆಯಲ್ಲಿದ್ದೇ ಕಲಿಯಬೇಕಾಗುತ್ತದಂತೆ. ಕೆಲಸ ಹುಡುಕುವವರ ಅನಿವಾರ್ಯತೆಯನ್ನೇ ಬಂಡವಾಳ ಮಾಡಿಕೊಳ್ಳುವುದು ನನಗೆ ತೀರಾ ಅನ್ಯಾಯವೆನಿಸುತ್ತದೆ.

ನನ್ನೊಡನೆ ಸಂದರ್ಶನಕ್ಕೆ ಬಂದಿದ್ದ ಒಬ್ಬರು ಆಗಲೇ ಕಾರ್ಡಿನಲ್ಲಿ ಹಣ ಕಟ್ಟಿದ್ದರು. ಅವರು ಜಾಹೀರಾತು, ಸಂದೇಶಗಳು ಮತ್ತು ರಸೀದಿಯ ಪ್ರತಿಗಳೊಡನೆ ಬ್ಯಾಂಕಿನಲ್ಲಿ ತಕರಾರು ದಾಖಲಿಸಿದ್ದು, ಉತ್ತರ ಇನ್ನೂ ಬಂದಿಲ್ಲ. ನಾನು ಅದೇ ಶೋರೂಮಿಗೆ ನೇರವಾಗಿ ಅರ್ಜಿ ಸಲ್ಲಿಸಿದ್ದೇನೆ.